ನಿಮಗಿದು ಗೊತ್ತೇ? ಗಾಳಿಮಾತಿಗೆ ನಾಲ್ಕೇ ಅಕ್ಷರ!

ಹಾಂಗ್‌ಕಾಂಗ್ ಕಡೆ ಕ್ಯಾಂಟನೀಸ್ ಮಾತಾಡುವವರಲ್ಲಿ ಒಂದು ಗಂಭೀರ ನುಡಿಗಟ್ಟಿದೆ: ‘ಯನ್ ಯೀನ್ ಹೋ ವೈ’. ‘ಜನರ ಮಾತಿಗೆ ಹೆದರಬೇಕು’ ಎಂದರ್ಥ. ಬರೆದರೆ ನಾಲ್ಕೇ ಅಕ್ಷರ!

ಹುಷಾರು, ಕೊನೆಯ ‘ವೈ’ಯನ್ನು ತಗ್ಗು ಸ್ವರದಲ್ಲಿ ಅಂದುಬಿಟ್ಟೀರಿ! ‘ಹೆದರಿಕೆ’ ಹೋಗಿ ‘ಜಠರ’ ಆಗಿಬಿಡುತ್ತದೆ!

ಇದರ ಬೇರು ಎಲ್ಲಿದೆ ಗೊತ್ತೇ? ಒಂದು ಪ್ರೇಮಗೀತೆಯಲ್ಲಿ! ಎರಡೂವರೆ ಸಾವಿರ ವರ್ಷಕ್ಕೂ ಹಳೆಯ, 305 ಹಾಡುಗಳ ಚೀನೀ ಸಂಕಲನ ‘ಶಿ ಜಿಂಗ್’ನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಗೋಡೆ ಹಾರಿ ಬರಬೇಡ, ಹಿಪ್ಪುನೇರಳೆ ಗಿಡ ಮುರಿಯಬೇಡ ಎಂದು ನಲ್ಲನನ್ನು ಬೇಡಿಕೊಳ್ಳುತ್ತಾಳೆ. ಮೊದಲು ಅಪ್ಪ ಅಮ್ಮನ ಭಯ, ಆಮೇಲೆ ಅಣ್ಣಂದಿರ ಭಯ, ಕಟ್ಟಕಡೆಗೆ ಊರವರ ಬಾಯಿಯ ಭಯ!

ಕನ್ಫ್ಯೂಷಿಯಸ್‌ನ ಶಿಷ್ಯ ಜೆಂಗ್ ಶೆನ್ ಕಥೆ ಇನ್ನೂ ಸೊಗಸು. ಅದೇ ಹೆಸರಿನ ಬೇರೊಬ್ಬ ಕೊಲೆ ಮಾಡಿದ. ‘ನಿನ್ನ ಮಗ ಕೊಲೆ ಮಾಡಿದ’ ಎಂದು ಒಬ್ಬ ಬಂದು ಹೇಳಿದ. ತಾಯಿ ನೇಯುತ್ತಲೇ ಇದ್ದಳು. ಇನ್ನೊಬ್ಬ ಹೇಳಿದ. ಆಗಲೂ ಮಗ್ಗ ಬಿಡಲಿಲ್ಲ. ಮೂರನೆಯವನು ಹೇಳಿದ್ದೇ ತಡ, ಲಾಳಿ ಬಿಸಾಕಿ ಗೋಡೆ ಹಾರಿ ಓಡಿದಳು. ಹೆತ್ತ ತಾಯಿಯ ನಂಬಿಕೆಗೂ ಮೂರೇ ಬಾಯಿ ಸಾಕಾಯಿತು!

ಇದೊಂದು ಮಾತ್ರ ಮನಸ್ಸು ಹಿಂಡುವ ಸಂಗತಿ. ಕ್ಯಾಂಟನೀಸ್ ಮನೆತನದ ಮೂಕಿಚಿತ್ರ ತಾರೆ ರುವಾನ್ ಲಿಂಗ್ಯು 1935ರ ಮಾರ್ಚ್ 8ರಂದು ಶಾಂಘೈಯಲ್ಲಿ ತೀರಿಕೊಂಡಾಗ ವಯಸ್ಸು ಬರೀ 24. ಪತ್ರಿಕೆಗಳು ಆಕೆಯ ಸಂಸಾರವನ್ನು ಬೀದಿಗೆಳೆದಿದ್ದವು. ಆಕೆಯದೆಂದು ಅಚ್ಚಾದ ಕೊನೆಯ ಪತ್ರದಲ್ಲೂ ಇವೇ ನಾಲ್ಕು ಅಕ್ಷರ ಇದ್ದವು! ಅದನ್ನೇ ಹಿಡಿದು ಖ್ಯಾತ ಲೇಖಕ ಲು ಶುನ್ ಅದೇ ವರ್ಷ ಪ್ರಬಂಧ ಬರೆದರು. ಮುಂದೆ ಸಿನಿಮಾದಲ್ಲಿ ರುವಾನ್ ಪಾತ್ರ ಮಾಡಿದ ಹಾಂಗ್‌ಕಾಂಗ್ ನಟಿ ಮ್ಯಾಗಿ ಚೆಯುಂಗ್‌ಗೆ 1992ರಲ್ಲಿ ಬರ್ಲಿನ್ ಚಿತ್ರೋತ್ಸವದ ಅತ್ಯುತ್ತಮ ನಟಿ ಪ್ರಶಸ್ತಿ ಸಿಕ್ಕಿತು!

ಹಾಗಂತ ಕಟ್ಟೆಹರಟೆಗೆಲ್ಲ ಈ ಮಾತು ಬಳಸಬೇಡಿ. ಅದಕ್ಕೆ ‘ಬಾತ್ ಗ್ವಾ’ ಎಂಬ ಹಗುರ ಪದ ಇದೆ. ಅಚ್ಚರಿ ಎಂದರೆ, ಚೀನಾದ ಪುರಾತನ ಶಕುನವಿದ್ಯೆಯ ಎಂಟು ಪವಿತ್ರ ಚಿಹ್ನೆಗಳಿಗೂ ಅದೇ ಹೆಸರು! ಯಾರದಾದರೂ ಮಾನಕ್ಕೇ ಕುತ್ತು ಬಂದಾಗ, ‘ಜೋಪಾನ’ ಎಂದು ಎಚ್ಚರಿಸುವಾಗ ‘ಯನ್ ಯೀನ್ ಹೋ ವೈ’ ಅನ್ನಿ.

ಚಾಡಿಕೋರರಿಗೆ ಚಪ್ಪಲಿ ಸೇವೆಯೂ ಉಂಟು! ಹಾಂಗ್‌ಕಾಂಗಿನ ಕಾಸ್‌ವೇ ಬೇಯಲ್ಲಿ ಮೇಲ್ಸೇತುವೆ ಕೆಳಗೆ ಅಜ್ಜಿಯರು ಪುಟ್ಟ ಸ್ಟೂಲ್ ಹಾಕಿ ಕೂರುತ್ತಾರೆ. ಹಿಂದೆ ಮಾತಾಡಿ ಕೇಡು ಮಾಡುವವರ ಹೆಸರಲ್ಲಿ ಕಾಗದದ ಗೊಂಬೆ ಇಟ್ಟು, ಶಾಪ ಹಾಕುತ್ತ ಹಳೇ ಚಪ್ಪಲಿಯಲ್ಲಿ ಪಟಪಟ ಬಾರಿಸುತ್ತಾರೆ. ದುಡ್ಡು ಕೊಟ್ಟರೆ ನಿಮ್ಮ ಪರವಾಗಿಯೂ! ಮಾರ್ಚ್ 5, 6ರ ಸುಮಾರಿಗೆ ಅಲ್ಲಿಗೆ ಹೋದರೆ ತಪ್ಪದೆ ನೋಡಿ ಬನ್ನಿ. ಸರದಿ ಸಾಲು ಉದ್ದ ಇರುತ್ತದೆ!