ದೂರ ಜಾಸ್ತಿ, ಟೈಮ್ ಕಡಿಮೆ!

ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ? ಯಾವ ಕಡೆಯಿಂದ ಹೋಗ್ತೀರಿ ಅನ್ನೋದನ್ನ ಮೊದಲು ಹೇಳಿ! ಅಟ್ಲಾಂಟಿಕ್ ದಾಟಿದರೆ ಸುಮಾರು 13,900 ಕಿ.ಮೀ., ಪೆಸಿಫಿಕ್ ಮೇಲಿಂದಾದರೆ 15,300. 2016ರ ಅಕ್ಟೋಬರ್‌ನಲ್ಲಿ ಏರ್ ಇಂಡಿಯಾ ಬೇಕಂತಲೇ ಉದ್ದದ ದಾರಿ ಹಿಡೀತು. ತಲುಪಿದ್ದು ಹದಿನಾಲ್ಕೂವರೆ ಗಂಟೆಯಲ್ಲಿ. ಹಳೇ ದಾರಿಗಿಂತ ಹೆಚ್ಚುಕಡಿಮೆ ಎರಡು ಗಂಟೆ ಬೇಗ!

ಗುಟ್ಟು ಗಾಳೀದು. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೇ ಹರೀತಿರುತ್ತೆ: ಜೆಟ್ ಸ್ಟ್ರೀಮ್. ಗಂಟೆಗೆ 850 ಕಿ.ಮೀ. ಹಾರೋ ವಿಮಾನಕ್ಕೆ ಹಿಂದಿನಿಂದ 100ರ ಗಾಳಿ ಸಿಕ್ಕರೆ, ನೆಲದ ಲೆಕ್ಕಕ್ಕೆ ವೇಗ 950. ಅದೇ ಗಾಳಿ ಎದುರಾದರೆ? ಬರೀ 750.

ನಮ್ಮ ಬೆಂಗಳೂರಿನ ಕಥೆ ಇನ್ನೂ ಮಜಾ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಇಲ್ಲಿಗೆ ಬಂದ ಮೊದಲ ನೇರ ವಿಮಾನವನ್ನ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ಹಾರಿಸಿಕೊಂಡು ಬಂದರು!