ವಯಸ್ಕ ಕಲಿಕೆಯಲ್ಲಿ ಸಂಕಥನದ ಹೆಣಿಗೆ: ಅರಬ್ಬಿ–ಫ್ರೆಂಚ್ ಮತ್ತು ದಖನಿ–ಕನ್ನಡ

ಶಾಲೆಯ ನೆರವಿಲ್ಲದೆ ಎರಡನೆಯ ಭಾಷೆಯನ್ನು ಕಲಿಯುವ ವಯಸ್ಕರ ಪ್ರಗತಿಯನ್ನು ಪ್ರತ್ಯಯಗಳ ತಪ್ಪು-ಒಪ್ಪುಗಳಿಂದ ಅಳೆಯುವುದು ರೂಢಿ. ವಾಕ್ಯಗಳನ್ನು ಹೆಣೆದು ಸಂಕಥನವನ್ನು ಕಟ್ಟುವ ಸಾಮರ್ಥ್ಯ ಈ ಅಳತೆಗೆ ದಕ್ಕುವುದಿಲ್ಲವೆಂಬುದು ನಮ್ಮ ವಾದ.

ಯುರೋಪಿಯನ್ ಸೈನ್ಸ್ ಫೌಂಡೇಶನ್ 1980ರ ದಶಕದಲ್ಲಿ ಐದು ದೇಶಗಳ ವಲಸೆಗಾರರ ಕಲಿಕೆಯನ್ನು ಅಧ್ಯಯನಕ್ಕೆ ಒಳಪಡಿಸಿತು. ಅವರಲ್ಲಿ ಫ್ರೆಂಚ್ ಕಲಿಯುತ್ತಿದ್ದ ಮೊರೊಕ್ಕೋದ ಅರಬ್ಬಿ ಭಾಷಿಕರೂ ಇದ್ದರು. ಇದನ್ನು ಆಧರಿಸಿ ಕ್ಲೈನ್ ಮತ್ತು ಪರ್ಡ್ಯೂ 1997ರಲ್ಲಿ ನಿರೂಪಿಸಿದ ‘ಮೂಲ ಪ್ರಭೇದ’ದಲ್ಲಿ ಕ್ರಿಯಾಪದಕ್ಕೆ ರೂಪಭೇದವಿಲ್ಲ, ಕರ್ತೃ ಮೊದಲು, ಹೊಸ ಮಾಹಿತಿ ಕೊನೆಗೆ, ಘಟನೆಗಳ ಕ್ರಮವೇ ವಾಕ್ಯಗಳ ಕ್ರಮ. ‘ಅಪ್ರೆ ಲಾ ಪೊಲೀಸ್ ಅರಿವೆ’ ಎಂಬ ಮಾದರಿಯಲ್ಲಿ ‘ಅಪ್ರೆ’ (ಆಮೇಲೆ) ಕಾಲಕ್ರಮವನ್ನು ಹೊರುತ್ತದೆ. ‘ಅರಿವೆ’ ಭಾವರೂಪವೋ ಕೃದಂತವೋ ಕಿವಿಗೆ ತಿಳಿಯದು. ಆದರೂ ಕಥೆ ಸಾಗುತ್ತದೆ.

ಅದು ತಡೆಯುವುದು ನಿಯಮಗಳು ಪರಸ್ಪರ ಘರ್ಷಿಸಿದಾಗ. ಈ ಅಧ್ಯಯನದಲ್ಲಿ ಮರುನಿರೂಪಣೆಗೆ ಬಳಸಿದ ಚಾಪ್ಲಿನ್‌ನ ‘ಮಾಡರ್ನ್ ಟೈಮ್ಸ್’ ಚಿತ್ರದಲ್ಲಿ, ಬ್ರೆಡ್ ಕದ್ದವನು ಚಾಪ್ಲಿನ್ ಅಲ್ಲ, ಹುಡುಗಿ ಎಂದು ಹೇಳಬೇಕಾಗುತ್ತದೆ. ಹುಡುಗಿ ಕರ್ತೃವಾದ್ದರಿಂದ ಮೊದಲು ಬರಬೇಕು. ಹೊಸ ಮಾಹಿತಿಯಾದ್ದರಿಂದ ಕೊನೆಗೆ ಬರಬೇಕು. ಇಲ್ಲಿ ಕಲಿಕೆಗಾರನಿಗೆ ಫ್ರೆಂಚಿನ ‘ಸೆ... ಕಿ’ ರಚನೆ ಬೇಕಾಗುತ್ತದೆ. ಕನ್ನಡ ಇದನ್ನು ‘ಕದ್ದವಳು ಹುಡುಗಿ’ ಎಂಬ ಕೃದಂತನಾಮದಿಂದ ಬಗೆಹರಿಸುತ್ತದೆ.

ಕುಂದಗೋಳ ತಾಲ್ಲೂಕಿನ ಗುಡಗೇರಿಗೆ ಬಂದು, ಸಂತೆ-ಹೊಲಗಳಲ್ಲಿ ಕನ್ನಡ ಕಲಿಯುವ ದಖನಿ ಮನೆಮಾತಿನ ವಯಸ್ಕನೊಬ್ಬನನ್ನು ಈಗ ಊಹಿಸೋಣ. ‘ಸಂತಿಗೆ ಹೋಗಿ, ಕಾಯಿಪಲ್ಲೆ ತಗೊಂಡು, ಮನಿಗೆ ಬಂದೆ’ ಎಂಬುದಕ್ಕೆ ದಖನಿಯಲ್ಲಿ ‘ಬಜಾರ್‌ಕು ಜಾಕೊ, ತರ್ಕಾರಿ ಲೇಕೊ, ಘರ್‌ಕು ಆಯಾ’ ಎಂಬ ಸಮಾನ ಸರಪಳಿ ಇದೆ. ಕನ್ನಡದ ‘ಅಂತ’ಕ್ಕೆ ಅಲ್ಲಿ ‘ಬೋಲ್‌ಕೆ’ ಇದೆ. ಇಂತಹ ಸಮಾನಾಂತರವನ್ನು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಸಾಂಗ್ಲಿ ಜಿಲ್ಲೆಯ ಕುಪವಾಡದ ಕನ್ನಡ, ಮರಾಠಿ, ಉರ್ದುಗಳಲ್ಲಿ ತೋರಿಸಿದ್ದಾರೆ. ಹೀಗಾಗಿ ಅರಬ್ಬಿ ಭಾಷಿಕನು ಫ್ರೆಂಚಿನಲ್ಲಿ ಹೊಸದಾಗಿ ಗಳಿಸಬೇಕಾದ ಹೆಣಿಗೆಯ ಬಹುಪಾಲು ಈತನಿಗೆ ಮನೆಮಾತಿನಿಂದಲೇ ಒದಗುತ್ತದೆ.

ಈತನ ತೊಡಕು ಬೇರೆಡೆ ಇದೆ. ದಖನಿಯ ‘ಭೈಂಸ್’ ಸ್ತ್ರೀಲಿಂಗ; ಆದ್ದರಿಂದ ‘ಎಮ್ಮೆ ಬಂದಳು’ ಎಂಬ ಪ್ರಯೋಗ ನಿರೀಕ್ಷಿತ. ಕರ್ತೃ ಬದಲಾದಾಗ ‘ಬಂದು’ ಸಾಲದೆ ಸಾಮಾನ್ಯವಾಗಿ ‘ಬಂದ ಮೇಲೆ’ ಬೇಕೆಂಬುದನ್ನು ಗುರುತಿಸುವುದು ಇನ್ನೂ ಸೂಕ್ಷ್ಮ. ಮೊದಲನೆಯದು ಪ್ರತ್ಯಯದೋಷ, ಎರಡನೆಯದು ಸಂಕಥನದೋಷ. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಎಣಿಸಿದರೆ, ಕಥೆಯನ್ನು ಸಮರ್ಥವಾಗಿ ಹೇಳಬಲ್ಲವನು ಕನ್ನಡ ಬಾರದವನೆಂದು ದಾಖಲಾಗುತ್ತಾನೆ. ಆದ್ದರಿಂದ ಮೌಲ್ಯಮಾಪನವು ಪ್ರತ್ಯಯಗಳ ಜೊತೆಗೆ ಕರ್ತೃ ಬದಲಾಗುವ, ಕಾಲಕ್ರಮ ಮುರಿಯುವ ಸಂಧಿಸ್ಥಾನಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಬೇಕೆಂದು ನಾವು ಸೂಚಿಸುತ್ತೇವೆ.