ಮಾಳಿಗೆಯಿಂದ ಕಂಡ ಊರು

ಚಿತ್ರಕಲೆಯನ್ನು ಅಭ್ಯಸಿಸಲು ತೊಡಗುವವರು ಹಿಮಾಲಯದ ಶಿಖರಗಳನ್ನೋ ಕಾಶ್ಮೀರದ ಸರೋವರವನ್ನೋ ಕ್ಯಾಲೆಂಡರಿನ ಪಟದಿಂದ ನಕಲು ಮಾಡುವುದು ವಾಡಿಕೆ. ಇದರಿಂದ ಕೈ ಪಳಗಬಹುದು, ಕಣ್ಣು ಪಳಗಲಾರದು. ಕಣ್ಣಿಗೆ ಬೇಕಾದ ಪಾಠವು ನಮ್ಮ ಮನೆಯ ಮಾಳಿಗೆಯ ಮೇಲೆಯೇ ದೊರೆಯುವುದು. ಅಲ್ಲಿ ನಿಂತು ಊರಿನ ಮೇಲ್ಛಾವಣಿಗಳನ್ನು ತೈಲವರ್ಣದಲ್ಲಿ ಬರೆಯುವ ಕ್ರಮವನ್ನು ವಿಚಾರಿಸೋಣ.

ಮೊದಲು ನೋಡತಕ್ಕದ್ದು ಛಾವಣಿಯ ಇಳಿಜಾರು. ನಿಪ್ಪಾಣಿಯು ಸಹ್ಯಾದ್ರಿಗೆ ಹತ್ತಿರ. ಅಲ್ಲಿ ಮಳೆ ಹೆಚ್ಚು. ಆದುದರಿಂದ ಹಳೆಯ ಮನೆಗಳಿಗೂ ತಂಬಾಕಿನ ಉಗ್ರಾಣಗಳಿಗೂ ಓರೆಯಾದ ಹೆಂಚಿನ ಹೊದಿಕೆಯುಂಟು. ಚಿಕ್ಕೋಡಿಯನ್ನು ದಾಟಿ ರಾಯಬಾಗ, ಕಾಗವಾಡ, ಅಥಣಿಗಳ ಕಡೆಗೆ ನಡೆದಂತೆ ಮಳೆ ಕಡಮೆಯಾಗುವುದು. ಹಳೆಯ ಓಣಿಗಳಲ್ಲಿ ಮಣ್ಣು ಹಾಸಿದ ಸಮತಲದ ಮಾಳಿಗೆಗಳು ಕಾಣಿಸುವುವು. ಹೆಂಚಿನಲ್ಲಿಯೂ ಭೇದವಿದೆ. ಕುಂಬಾರನ ನಾಡಹೆಂಚು ಅಲೆಯಲೆಯಾಗಿ ಕಾಣುವುದು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಮಾಡತೊಡಗಿದ ಯಂತ್ರದ ಹೆಂಚು ನೇರ ಸಾಲುಗಳಾಗಿ ಕಾಣುವುದು. ಈಗ ಇವುಗಳ ನಡುವೆ ಕಾಂಕ್ರೀಟು, ತಗಡು, ನೀರಿನ ಟಾಕಿಗಳು ಸೇರಿಕೊಂಡಿವೆ. ಅವನ್ನು ಕುರೂಪವೆಂದು ಬಿಟ್ಟುಬಿಡಬಾರದು. ಅವೂ ಊರಿನ ಮುಖವೇ.

ಬರೆಯಲು ಮುಂಜಾವು ಅಥವಾ ಇಳಿಹೊತ್ತು ಯೋಗ್ಯ. ನಡುಹಗಲಿನಲ್ಲಿ ನೆರಳುಗಳು ಕುಗ್ಗಿ ಛಾವಣಿಗಳೆಲ್ಲ ಒಂದೇ ಹಾಳೆಯಂತೆ ತೋರುವುವು. ನಮ್ಮ ಕಣ್ಣಿನ ಮಟ್ಟದಲ್ಲಿ ಒಂದು ಅಡ್ಡಗೆರೆಯನ್ನು ಎಳೆಯಬೇಕು, ಅದೇ ದಿಗಂತ. ಅದಕ್ಕಿಂತ ಕೆಳಗಿರುವ ಸೂರಿನ ಅಂಚುಗಳು ದೂರ ಹೋದಂತೆ ಮೇಲಕ್ಕೇರುವುವು. ಅದಕ್ಕಿಂತ ಎತ್ತರದಲ್ಲಿರುವುವು ಕೆಳಕ್ಕಿಳಿಯುವುವು. ಬಳಿಕ ಕಣ್ಣನ್ನು ಅರೆಮುಚ್ಚಿ ನೋಡಿದರೆ ಹೆಂಚುಗಳ ಎಣಿಕೆ ಮಾಯವಾಗಿ ಬೆಳಕು, ನೆರಳುಗಳ ದೊಡ್ಡ ತುಂಡುಗಳು ಮಾತ್ರ ಉಳಿಯುವುವು. ಮೊದಲು ಬರೆಯಬೇಕಾದುದು ಇವನ್ನೇ. ಬಿಸಿಲು ಬೇಗ ಸರಿಯುವುದರಿಂದ ನೆರಳಿನ ಆಕಾರಗಳನ್ನು ಆರಂಭದಲ್ಲಿಯೇ ಗುರುತಿಸಿ, ಆಮೇಲೆ ಅವನ್ನು ಬದಲಿಸದಿರುವುದು ಲೇಸು.

ಹೆಂಚು ಕೆಂಪೆಂದು ನಾವು ಬಲ್ಲೆವು. ಆದರೆ ಬಲ್ಲುದು ಬೇರೆ, ಕಾಣುವುದು ಬೇರೆ. ಹತ್ತಿರದ ಹೆಂಚಿಗೆ ಸುಟ್ಟ ಕಾವಿಯ ಬಣ್ಣ ಸಲ್ಲುವುದು. ದೂರದ ಹೆಂಚು ಧೂಳು, ಹೊಗೆ, ಗಾಳಿಗಳ ಮರೆಯಲ್ಲಿ ಕೆಂಪನ್ನು ಕಳೆದುಕೊಂಡು ಬೂದುನೀಲಿಗೆ ತಿರುಗುವುದು. ನೆರಳಿಗೆ ಬರಿಯ ಕಪ್ಪನ್ನು ಬಳಿದರೆ ಚಿತ್ರವು ಸತ್ತುಹೋಗುವುದು. ಕಾವಿಯೊಡನೆ ಅಲ್ಟ್ರಾಮರೀನ್ ನೀಲಿಯನ್ನು ಕಲಸಬೇಕು. ಬಿಳಿಯ ಬಟ್ಟೆಗೆ ಹಾಕುವ ನೀಲಿಯ ಪುಡಿಯೂ ಇದೇ ಜಾತಿಯದು.

ತೈಲವರ್ಣದ ಜೀವಾಳ ಅಗಸೆಯೆಣ್ಣೆ. ನಮ್ಮ ಎರೆಹೊಲದ ಅಗಸಿ, ಊಟದ ಚಟ್ನಿಪುಡಿಗೆ ಬರುವ ಅದೇ ಬೀಜ, ಇದರ ಮೂಲ. ಈ ಎಣ್ಣೆಯು ನೀರಿನಂತೆ ಆರಿಹೋಗದು. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವುದು. ಆದಕಾರಣ ಕೆಳಗಿನ ಲೇಪವನ್ನು ಟರ್ಪೆಂಟೈನಿನಿಂದ ತೆಳುವಾಗಿಸಿ, ಮೇಲಿನ ಲೇಪಗಳಲ್ಲಿ ಎಣ್ಣೆಯನ್ನು ಕ್ರಮವಾಗಿ ಹೆಚ್ಚಿಸಬೇಕು. ಇದನ್ನು ತಲೆಕೆಳಗಾಗಿಸಿದರೆ ಮೇಲ್ಪದರವು ಮೊದಲು ಬಿಗಿದುಕೊಂಡು, ಕೆಳಪದರವು ಇನ್ನೂ ಅಲುಗುತ್ತಿರುವಾಗ ಬಿರುಕು ಬಿಡುವುದು. ಕೆಮ್ಮಣ್ಣು, ಹಳದಿಮಣ್ಣು, ನೀಲಿ, ಬಿಳುಪು: ಆರಂಭಕ್ಕೆ ಈ ನಾಲ್ಕು ಬಣ್ಣಗಳು ಸಾಕು.

ನೆರೆಯ ಕೊಲ್ಹಾಪುರದ ಅಬಾಲಾಲ ರಹಿಮಾನರು ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕಲಿತು ತಮ್ಮ ಊರಿಗೆ ಮರಳಿದರು. 1931ರಲ್ಲಿ ತೀರಿಕೊಂಡ ಅವರು ಆ ಊರಿನ ಕೋಟಿತೀರ್ಥದಂತಹ ನೋಟಗಳನ್ನೇ ಚಿತ್ರಗಳಿಗೆ ವಸ್ತುವಾಗಿ ಆರಿಸಿಕೊಂಡರು. ಕಲೆಗೆ ದೂರದೇಶದ ವಸ್ತು ಅಗತ್ಯವಲ್ಲವೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ನಾಡಹೆಂಚಿನ ಮನೆಗಳು ಒಂದೊಂದಾಗಿ ಇಳಿಯುತ್ತಿವೆ. ಮಣ್ಣಿನ ಮಾಳಿಗೆಗಳ ಮೇಲೆ ಸಿಮೆಂಟು ಬೀಳುತ್ತಿದೆ. ಒಳಗೆ ವಾಸಿಸುವವರಿಗೆ ಸೋರದ ಸೂರು ಬೇಕು. ಅದನ್ನು ಆಕ್ಷೇಪಿಸುವುದು ನ್ಯಾಯವಲ್ಲ. ಆದರೆ ಹಿರಿಯರು ಮಳೆಗೂ ಬಿಸಿಲಿಗೂ ಹೇಗೆ ಉತ್ತರ ಕೊಟ್ಟಿದ್ದರೆಂಬುದು ಮರೆಯಾಗುವ ಮೊದಲು ಅದನ್ನು ಕಣ್ಣಾರೆ ನೋಡಿ ಬರೆದಿಡುವುದು ನಮ್ಮ ಕೈಯಲ್ಲಿದೆ. ವಿದ್ಯಾರ್ಥಿಯ ಮೊದಲ ಪಟವು ಒರಟಾಗಿದ್ದರೂ ಚಿಂತೆಯಿಲ್ಲ. ನೆರೆಯವರು ಅದರಲ್ಲಿ ತಮ್ಮ ಮನೆಯನ್ನು ಗುರುತಿಸಿದರೆ ಅಭ್ಯಾಸವು ಸರಿಯಾದ ದಾರಿ ಹಿಡಿದಿದೆಯೆಂದು ತಿಳಿಯಬಹುದು.